ಒಗರು

ಮೊದಲು ಮೊಳೆ.
ಮುರಿದ ದೋಣಿಗಳಿಂದ ಕಿತ್ತದ್ದು, ಬಾಗಿದ್ದು, ತುಕ್ಕು ತಿಂದದ್ದು,
ಒಂದು ಹಿಡಿ.
ತೆಂಗಿನ ಕಳ್ಳು ಹುಳಿತು ವಿನಿಗರ್ ಆದ ಜಾಡಿಗೆ ಸುರಿದು
ಮುಚ್ಚಳ ಬಿಗಿಯಬಾರದು. ಅದಕ್ಕೂ ಉಸಿರು ಬೇಕು.
ಏಳು ದಿನಕ್ಕೆ ನೀರು ಬೂದು,
ಹತ್ತಕ್ಕೆ ಕಡಿದ ತುಟಿಯ ರುಚಿ, ವಾಸನೆಯಲ್ಲೇ.

ಆಮೇಲೆ ಕಾಂಡ್ಲಾ ತೊಗಟೆ.
ಕಳ್ಳಿಗೆ ಕೆಂಪು ಬರಲೆಂದು ನಮ್ಮವರು ಹಾಕುವುದೂ ಅದನ್ನೇ.
ಕುದಿಸಿ, ಸೋಸಿ, ನಾಲಿಗೆಗೆ ಮುಟ್ಟಿಸಿ ನೋಡು:
ಒಗರು ಹಲ್ಲಿನ ಸಂದಿಗೂ ಇಳಿದರೆ ಹದ.

ಮಕ್ತಾನ್ ದ್ವೀಪದಲ್ಲಿ, ವಿಮಾನಗಳ ಹೊಟ್ಟೆಯ ಕೆಳಗೆ,
ಗಿಟಾರಿನ ಬೆರಳುಹಲಗೆಗೆ ಕಪ್ಪು ಹಿಡಿಸುವುದು ನನ್ನ ಕೆಲಸ.
ಬೆನ್ನು ಹಲಸಿನದು, ಅರಿಶಿನದಂತೆ ಹೊಳೆಯುತ್ತದೆ, ಅದರ ಚಿಂತೆಯಿಲ್ಲ.
ಕತ್ತಿನ ಮೇಲಿನ ಈ ಹಲಗೆ ಮಾತ್ರ ಕಪ್ಪೇ ಆಗಬೇಕು ಎನ್ನುತ್ತಾರೆ ಜನ.
ಕಮಗಾಂಗ್ ಕರಿಮರ ಕಡಿಯುವಂತಿಲ್ಲ ಈಗ.
ಬಿಳಿಚಿಕೊಂಡ ಯಾವುದೋ ಮರಕ್ಕೆ
ಮೊದಲು ತೊಗಟೆಯ ನೀರು, ಒಣಗಿದ ಮೇಲೆ ಮೊಳೆಯ ನೀರು.
ಬಾಳೆಹೂ ಹೆಚ್ಚಿದ ಕತ್ತಿಗೆ ಕರೆ ಹತ್ತಿದ ಹಾಗೆ
ನೋಡನೋಡುತ್ತ, ಕುಂಚದ ಹಿಂದಿಂದೆಯೇ,
ಕಪ್ಪು ಒಳಗಿನಿಂದ ಎದ್ದು ಬರುತ್ತದೆ.
ಬಳಿದದ್ದಲ್ಲ ಅದು. ಬಳಿದದ್ದು ಬೇರೆ.
ಅದರ ಕಥೆಯೇ ಇದು.

ಗ್ಲಿಸೇರಿಯಾ ಬಂದದ್ದು ಮಂಗಳವಾರ, ಮೀನಿನ ಚೀಲದಲ್ಲಿ ಗಿಟಾರ್ ಸುತ್ತಿಕೊಂಡು.
ಗಂಡನದು. ಹಡಗಿನ ಎಂಜಿನ್ ಕೋಣೆಯಲ್ಲಿದ್ದವನು, ಎಪಿಫಾನಿಯೊ.
ಹೋಗಿ ಎರಡು ವರ್ಷ.
ಮೊಮ್ಮಗಳು ಕಲಿಯುತ್ತಾಳಂತೆ, ಹಲಗೆ ಬೋಳಾಗಿದೆ, ಕರಿ ಮಾಡಿ ಕೊಡು.

ತಂತಿ ಬಿಚ್ಚಿದೆ.
ಮೊದಲ ಮೂರು ಮೆಟ್ಟುಗಳ ನಡುವೆ ಮರ ಎಲುಬಿನಷ್ಟು ಬೆಳ್ಳಗೆ,
ಬೆರಳಿನ ಗುಳಿಗಳು, ಅಕ್ಕಿ ನೆನೆಸಿಡಬಹುದು ಅಷ್ಟು.
ಐದನೆಯ ಚಿಪ್ಪಿನ ಚುಕ್ಕಿಯಿಂದಾಚೆ
ಒಂದು ಗೀರೂ ಇಲ್ಲ, ಅಂಗಡಿಯಿಂದ ಹೊರಟ ದಿನದ ಹಾಗೇ.
ಅಲ್ಲಿಗೆ ಅವನು ಹೋಗಿಯೇ ಇರಲಿಲ್ಲ.

ಹಿಮ್ಮಡಿಯ ಬಳಿ ಪುಟ್ಟ ಸುಟ್ಟ ಗುರುತು, ಮೀನಿನ ಬಾಲದ್ದು.
ನಮ್ಮದೇ ಅಂಗಡಿ. ಅಪ್ಪನ ಕೈ.
ಬಟ್ಟೆಯಿಂದ ಆಚೆಯ ಕಪ್ಪನ್ನು ಒರೆಸಿದೆ, ಮೂಸಿದೆ.
ಬೂಟಿನ ಪಾಲಿಶು.
ಕರಿಮರವೆಂದು ಆಣೆ ಇಟ್ಟು, ಕರಿಮರದ ಬೆಲೆಗೆ
ಮಾರಿದ್ದ ಪುಣ್ಯಾತ್ಮ.

"ಮದುವೆಯಾದ ಹೊಸದರಲ್ಲಿ," ಗ್ಲಿಸೇರಿಯಾ ಬೆಂಚಿನ ಮೇಲೆ ಕೂತು ಹೇಳುತ್ತಿದ್ದಳು,
ಕೇಳುವವರು ಯಾರೆಂದು ನೋಡದೆ,
"ಅವನ ಎಡಗೈ ಬೆರಳ ತುದಿ ಯಾವಾಗಲೂ ಕರ್ರಗೆ.
ಸೋಪು, ಮರಳು, ನಿಂಬೆ, ಏನು ಹಾಕಿದರೂ ಮಾರನೆಯ ದಿನ ಮತ್ತೆ.
ಎಂಜಿನ್ನಿನ ಎಣ್ಣೆ ಕಣೇ, ಚರ್ಮದೊಳಗೆ ಹೋಗಿಬಿಟ್ಟಿದೆ ಅನ್ನೋನು.
ನನ್ನ ಇಗರ್ಜಿಯ ಬಿಳಿ ಅಂಗಿಯ ಬೆನ್ನಿಗೆ ನಾಲ್ಕು ಚುಕ್ಕೆ.
ಕುಣಿಯುವಾಗ ಹಿಡಿದದ್ದು.
ಬೈದೆ ಅಂತಲ್ಲ, ಚೆನ್ನಾಗೇ ಬೈದೆ.
ಒಗೆದೆ. ಹೋಗಲಿಲ್ಲ. ಇದೆ ಪೆಟ್ಟಿಗೆಯಲ್ಲಿ."

ಎಡಗೈ ಮಾತ್ರವೇ? ಕೇಳಬೇಕೆಂದುಕೊಂಡೆ.
ಎಣ್ಣೆ ಒಂದೇ ಕೈಗೆ ಹತ್ತುತ್ತದೆಯೇ?
ಕೇಳಲಿಲ್ಲ.
ಅವನೂ ನಂಬಿದ್ದನೇನೋ.
ಮೇಲೊಂದು ವಿಮಾನ ಹೋಯಿತು, ಜಾಡಿಯ ನೀರು ನಡುಗಿತು,
ನಾನು ಮೆಟ್ಟುಗಳಿಗೆ ಟೇಪು ಅಂಟಿಸುವುದರಲ್ಲಿ ಮಗ್ನವಾದಂತೆ
ತಲೆ ತಗ್ಗಿಸಿದೆ.

ಉಜ್ಜುಕಾಗದದಿಂದ ಉಜ್ಜಿದೆ. ಗುಳಿಗಳು ಸವೆದು ಸಮವಾಗುವಷ್ಟಲ್ಲ,
ಅಷ್ಟು ಉಜ್ಜಿದರೆ ಹಲಗೆ ಉಳಿಯುವುದಿಲ್ಲ.
ತೊಗಟೆಯ ನೀರು ಎರಡು ಸಲ. ಮೊಳೆಯ ನೀರು ಒಂದು.
ಕಪ್ಪು ಎದ್ದಿತು, ಮೊದಲು ಗುಳಿಗಳಲ್ಲಿ,
ಅಲ್ಲಿ ಮರ ಹೆಚ್ಚು ಕುಡಿಯಿತು.

ಕೂಲಿ ಅರ್ಧ ಸಾಕೆಂದೆ. ಯಾಕೆ ಎಂದಳು.
ಹಳೇ ಗಿರಾಕಿ ಎಂದೆ. ಅದೂ ಸುಳ್ಳಲ್ಲ.

ಅವಳು ಹೆಬ್ಬೆರಳಿಂದ ಹಲಗೆಯನ್ನೊತ್ತಿ ಎಳೆದಳು,
ಬೆರಳು ತಿರುಗಿಸಿ ಬೆಳಕಿಗೆ ಹಿಡಿದಳು.
ಶುಭ್ರ.
"ಕೈಗೆ ಹತ್ತೋದಿಲ್ಲ," ಎಂದೆ, ಅಂಗಡಿಯವರ ಹೆಮ್ಮೆಯಿಂದ,
"ಎಷ್ಟು ನುಡಿಸಿದರೂ, ಎಷ್ಟು ವರ್ಷವಾದರೂ."

"ಹತ್ತೋದೇ ಇಲ್ಲವಾ?" ಎಂದಳು.
ಇನ್ನೊಂದು ಬೆರಳು ಒತ್ತಿ ನೋಡಿದಳು.
ಮತ್ತೊಂದು.