ಹನ್ನೊಂದು ಗುಂಡಿ

ಹಾಡಿ, ಅಂದಳು ಲವೀನಾ, ಲ್ಯಾಪ್‌ಟಾಪನ್ನು
ನನ್ನ ಹೊಲಿಗೆ ಮಿಷನ್ನಿನ ಹಲಗೆಯ ಮೇಲಿಟ್ಟು.
ಮಾತು ಬೇಡ ಆಂಟಿ, ಬರೇ ರಾಗ.
ಲಾ ಅನ್ನಿ, ನಾ ಅನ್ನಿ, ಬರೆದುಕೊಳ್ಳುತ್ತದೆ.

ಯಾರು ಬರೆದುಕೊಳ್ಳುವುದು?
ಯಾರೂ ಅಲ್ಲ ಆಂಟಿ. ಸಾಫ್ಟ್‌ವೇರ್.

ಕುಲಶೇಖರದ ಈ ಕೋಣೆಯಲ್ಲಿ ಮೂವತ್ತು ವರ್ಷ
ಹಂಪನಕಟ್ಟೆಯ ಅಂಗಡಿಗೆ ರವಿಕೆ ಹೊಲಿಯುತ್ತ
ಗುನುಗಿದ್ದೇನೆ. ಪೆಡಲಿನದೇ ಶ್ರುತಿ.
ದಾರ ಕಡಿದಲ್ಲಿ ಸಾಲು ಮುಗಿಯುತ್ತಿತ್ತು,
ಬಾಬಿನ್ ಖಾಲಿಯಾದಲ್ಲಿ ಚರಣ.

ಶನಿವಾರ ಸಂಜೆ ಕ್ವಾಯರಿನಲ್ಲಿ
ಬೊನಿಫಾಸ್ ಮಾಸ್ತರರ ಕಿವಿಯ ಹತ್ತಿರ ನಿಂತು
ಹಾಡಿ ತೋರಿಸುವುದು ನಾನು, ಪೆನ್ಸಿಲು ಅವರ ಕೈಯಲ್ಲಿ.
ಒಳ್ಳೆಯವರು. ಕ್ರಿಸ್ಮಸಿಗೆ ಕುಸ್ವಾರ್ ಕಳಿಸುತ್ತಿದ್ದರು,
ಗುಳಿಯೊ, ನೆವ್ರಿ, ಒಂದು ತುಂಡು ಕೇಕು.
ಇಲ್ಲಿ ಜಾರುತ್ತೀ ಎಮಿಲ್ಡಾ, ಜಾರಬಾರದು,
ಮಿ ಎಂದರೆ ಮಿ, ರೇ ಎಂದರೆ ರೇ,
ನಡುವೆ ಓಣಿ ಇಲ್ಲ, ಅನ್ನುತ್ತಿದ್ದರು.
ನನ್ನ ಜಾರನ್ನು ಇಸ್ತ್ರಿ ಹಾಕಿ ಬರೆದರು.
ಹಾಳೆಯ ಬಲಗಡೆ, ಮೇಲೆ, ಸಣ್ಣಕ್ಷರದಲ್ಲಿ,
ಸಂಗೀತ: ಬಿ. ಲಸ್ರಾದೊ.

ಬರೆದವರ ಹೆಸರು ಬರುವುದು ಸರಿಯೇ ಅಲ್ಲವೆ?
ನಾನೂ ಹಾಗೇ ಅಂದುಕೊಂಡಿದ್ದೆ.
ರವಿಕೆ ನಾನು ಹೊಲಿದರೂ
ಬೆನ್ನಿನ ಒಳಗಿನ ಚೀಟಿ ಅಂಗಡಿಯದಲ್ಲವೆ.

ಹಾಡಿದೆ. ಮೊದಲು ಗಂಟಲು ಕಟ್ಟಿತು,
ಆ ಕೆಮ್ಮಿಗೂ ಒಂದು ಚುಕ್ಕೆ ಬಿತ್ತು.
ಆಮೇಲೆ ಐದು ಗೆರೆ, ಅಳತೆ ಟೇಪಿನ ಹಾಗೆ ಚಾಚಿಕೊಂಡು,
ಅದರ ಮೇಲೆ ಗುಂಡಿಗಳು ಬಂದು ಕೂರತೊಡಗಿದವು.
ಕಪ್ಪು ಗುಂಡಿ, ತೂತಿನ ಗುಂಡಿ,
ಬಾಲದ ಗುಂಡಿ, ಎರಡು ಬಾಲದ್ದು,
ದಾರ ಸಡಿಲಾಗಿ ಗೆರೆಯ ಕೆಳಗೆ ನೇತುಬಿದ್ದದ್ದು.

ನಾನು ಜಾರುವ ಜಾಗ ಬಂತು.
ಅದು ತಬ್ಬಿಬ್ಬಾಗಿ
ಒಂದರ ಬದಿಗೊಂದು, ಒಂದರ ಬದಿಗೊಂದು
ಹನ್ನೊಂದು ಗುಂಡಿ ಹೊಲಿಯಿತು.
ಶೇರ್ವಾನಿಗೂ ಅಷ್ಟು ಬೇಡ.

ಲವೀನಾ ನಕ್ಕಳು. ಇದಕ್ಕೆ ದನಿ ನಡುಗಿದರೆ ಗೊತ್ತಾಗುವುದಿಲ್ಲ,
ಸರಿ ಮಾಡುತ್ತೇನೆ, ಒಂದು ಒತ್ತಿದರೆ ಎಲ್ಲ ನೇರ.

ನಿಲ್ಲು ಮಾರಾಯ್ತಿ.
ಕನ್ನಡಕ ಹುಡುಕಿ ಹಾಕಿಕೊಂಡು ಎಣಿಸಿದೆ.
ಮಿಯಿಂದ ರೇಗೆ ಬರುವಾಗ ನಾನು
ಇಷ್ಟು ಮೆಟ್ಟಿಲು ಇಳಿಯುತ್ತಿದ್ದೆನೆ?
ಬೋಳಾರದ ಹಂಚಿನ ಕಾರ್ಖಾನೆಯಲ್ಲಿ
ತಲೆಯ ಮೇಲೆ ಹಸಿ ಹಂಚು ಹೊತ್ತು
ಹೆಂಗಸರು ಸಾಲಾಗಿ ಇಳಿಯುತ್ತ ಹಾಡುವುದಿತ್ತು,
ಅಮ್ಮ ಕಡೆಯವಳು.
ಕಾಲು ಜಾರಬಾರದು ಮಗಾ,
ದನಿ ಜಾರಿದರೆ ಹಂಚು ಒಡೆಯುತ್ತದೆಯೆ?

ಪರದೆಯ ಮೇಲ್ಗಡೆ ಖಾಲಿ ಚೌಕವೊಂದು ಮಿಣುಕುತ್ತಿತ್ತು.
ಹೆಸರು ಕೇಳುತ್ತಿದೆ ಆಂಟಿ, ಯಾರ ರಚನೆ ಅಂತ.
ಸೆರಗಿಗೆ ಕೈ ಒರೆಸಿಕೊಂಡೆ,
ಕೈಯಲ್ಲಿ ಏನೂ ಇರಲಿಲ್ಲ.
ಮಾಸ್ತರರು ಈಗ ಇಗರ್ಜಿಯ ಹಿಂದಿನ ಮಣ್ಣಿನಲ್ಲಿ,
ಅವರ ಹೆಸರು ಕಲ್ಲಿನ ಮೇಲೆ ನೆಟ್ಟಗೆ ಉಂಟು.
ತೋರುಬೆರಳಲ್ಲಿ, ಹುಕ್ಕು ಹಾಕುವ ಹಾಗೆ,
ಒಂದೊಂದೇ ಅಕ್ಷರ ಒತ್ತಿದೆ.
ಎರಡು ಸಲ ತಪ್ಪಿತು.

ಶನಿವಾರ ಡಿಯೋನ್ ಹಾಳೆಯನ್ನು ಕೀಬೋರ್ಡಿನ ಮೇಲಿಟ್ಟು
ಹನ್ನೊಂದರಲ್ಲಿ ಒಂದನ್ನೂ ಬಿಡದೆ
ನಾಲಿಗೆ ಕಚ್ಚಿಕೊಂಡು ಇಳಿದ.
ಮುಂದೆ ಹೋಗಿ ಗಕ್ಕನೆ ನಿಂತ.
ಆಂಟಿ, ಇಲ್ಲಿ ಇಷ್ಟೆತ್ತರದ ಸ್ವರ ಯಾಕೆ?
ಬಾಗಿ ನೋಡಿದೆ.
ಅದು ಕುಕ್ಕರ್.
ಅಳಿಸಲಾ?

ಆಲ್ಟೊದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.
ಇರಲಿ ಬಿಡು, ಅಂದೆ, ಕುಚ್ಚಲಕ್ಕಿ ಅದು,
ಮುಂದಿನ ಪುಟದಲ್ಲಿ ಇನ್ನೂ ನಾಲ್ಕು ಉಂಟು.