ಎರಡೆಣಿಸದೆ

ಫೆರಿ ವೇಳಾಪಟ್ಟಿಯ ಪುಟಕ್ಕೆ ಎಷ್ಟು ಜನ ಬರುತ್ತಾರೆ?
ಟೋರ್ಸ್‌ಹಾವ್ನ್‌ನ ಕಚೇರಿ ಕೇಳಿತು.
ಶುಕ್ರವಾರದ ದೋಣಿ ಇರಬೇಕೋ ಬೇಡವೋ
ಅದರ ಮೇಲೆ.

ಪೈಥಾನಿನಲ್ಲಿ ಹದಿನಾಲ್ಕು ಸಾಲು ಬರೆದೆ,
ಹೊಸ್ತಿಲಿಗೂ ಒಳಮನೆಗೂ ನಡುವೆ.
ಬಂದವರ ಜೇಬಿಗೆ ಕುಕೀ ತುರುಕಲಿಲ್ಲ;
ಸರ್ವರೇ ಬಾಗಿಲಲ್ಲಿ ನಿಂತು
ವಿಳಾಸಕ್ಕೆ ಚಿಟಿಕೆ ಉಪ್ಪು ಬೆರೆಸಿ ಬೀಸುತ್ತದೆ,
ಹಿಟ್ಟು ನೋಡಿ ಕಾಳು ಹೇಳಲಾಗದ ಹಾಗೆ.
ನಡುರಾತ್ರಿಗೆ ಉಪ್ಪು ಬದಲು.
ನಿನ್ನೆ ಬಂದವನು ಇಂದು ಯಾರೋ.

ಬಾಟ್‌ಗಳನ್ನೆಲ್ಲ ಜರಡಿ ಹಿಡಿದ ಮೇಲೆ
ಉಳಿದದ್ದು ಬೆರಳೆಣಿಕೆ.
ಅದರಲ್ಲೊಂದು ಮಾತ್ರ ದಿನಾ ಮೂರೂ ಹತ್ತಕ್ಕೆ,
ಬೆಳಗಿನ ಜಾವ,
ಶುಕ್ರವಾರದ ಪುಟ ತೆರೆದು
ಮತ್ತೆಲ್ಲಿಗೂ ಹೋಗದೆ.

ನಮ್ಮ ದ್ವೀಪದಲ್ಲಿ ಹನ್ನೊಂದು ಮನೆ.
ಆ ಹೊತ್ತಿಗೆ ದೀಪ ಒಂದರಲ್ಲೇ:
ಟ್ರೊಂಡುರ್, ಆ ದೋಣಿಯ ಚುಕ್ಕಾಣಿಯವನು.
ತನ್ನ ದೋಣಿ ಪಟ್ಟಿಯಲ್ಲಿ ಇನ್ನೂ ಇದೆಯೇ ನೋಡಿ
ಆಮೇಲೆ ಬೂಟು ಹಾಕುತ್ತಾನೆ.
ನಾನೇ ಬೀಸಿದ ಹಿಟ್ಟಿನ ಕಾಳನ್ನು
ಅಡಿಗೆಮನೆ ಕಿಟಕಿಯಿಂದ ಗುರುತು ಹಿಡಿದೆ.

ಮಾರ್ಚ್ ವರದಿ. ಆ ಪುಟಕ್ಕೆ, ಆ ಹೊತ್ತಿಗೆ,
ಮೂವತ್ತೊಂದು ಸಂದರ್ಶಕರು.
ಕೋಷ್ಟಕ ಸುಳ್ಳಾಡಿಲ್ಲ:
ದಿನಕ್ಕೊಂದು ಉಪ್ಪು, ದಿನಕ್ಕೊಬ್ಬ ಹೊಸಬ.

ನನ್ನ ಹೆರಿಗೆಯ ರಾತ್ರಿ, ಅಲೆ ಗೋಡೆಯಾಗಿ ನಿಂತಾಗ,
ಸೂಲಗಿತ್ತಿಯನ್ನು ದಾಟಿಸಿದ್ದು ಅವನೇ.
ಉಪ್ಪುಂಡ ಮನೆಗೆ ಎರಡೆಣಿಸಬಾರದು, ಸರಿ.
ಮೂವತ್ತೊಂದು ಎಣಿಸಬಹುದೇ?
ಅದನ್ನು ಯಾರೂ ಹೇಳಿಟ್ಟಿಲ್ಲ.

ಅಡಿಟಿಪ್ಪಣಿ ಬರೆದೆ, ನಿಜವನ್ನೇ,
ಆರು ಪಾಯಿಂಟಿನ ಅಕ್ಷರದಲ್ಲಿ.