ಎರಡು ತಳದ ಡಬ್ಬಿ

ಬೀದರಿಗೆ ಗೂಢಚಾರರು ಬಂದದ್ದು ಲಾರಿಯಲ್ಲಿ,
ಜನರೇಟರು, ಛತ್ರಿ, ಮಡಚುವ ಕುರ್ಚಿ ಸಮೇತ.
ಚೌಬಾರದ ಸುತ್ತ ಮೂರು ದಿನ ಟಾಂಗಾ ಬಿಡಲಿಲ್ಲ.
ಪಿಕ್ಚರಿನಲ್ಲಿ ಒಬ್ಬ ಎರಡೂ ಕಡೆಯವನಂತೆ,
ಇವರ ನಕ್ಷೆ ಅವರಿಗೆ, ಅವರ ಗುಟ್ಟು ಇವರಿಗೆ,
ಕಡೆಗೆ ನೌಬಾದಿನ ಕರೇಜಿನೊಳಗೆ
ಮೊಳಕಾಲುದ್ದ ನೀರಲ್ಲಿ ಸಿಕ್ಕಿಬೀಳುತ್ತಾನಂತೆ.
ಓಣಿಯ ಹುಡುಗರು ಹೇಳುತ್ತಿದ್ದರು.
ನಾನು ತಲೆ ಎತ್ತದೆ ಅರ ಉಜ್ಜುತ್ತಿದ್ದೆ.

ಇಲಾಹಿ ಉಸ್ತಾದರ ಅಂಗಡಿಗೆ ಬಂದವನ
ಕೊರಳಲ್ಲಿ ಸೀಟಿ ತೂಗುತ್ತಿತ್ತು.
'ಬಿದರಿಯ ಪಾನದಾನ. ತಳದ ಕೆಳಗೆ ಇನ್ನೊಂದು ತಳ.
ಕ್ಯಾಮೆರಾಕ್ಕೂ ತಿಳಿಯಬಾರದು.'
ಉಸ್ತಾದರು ಕನ್ನಡಕ ಹಣೆಗೇರಿಸಿದರು:
'ಕಾಣಲಾರದ ಕೆಲಸಕ್ಕ ಕೂಲಿ ಎರಡು ಪಟ್ಟು.'

ಇಲ್ಲಿ ನನ್ನದೊಂದು ಮಾತು.
ನಾನು ಝರಣಪ್ಪ. ಆರು ವರ್ಷ ಅವರ ಶಾಗಿರ್ದ.
ಮಗರಿಬ್ ನಮಾಜಿಗೆ ಅವರು ಎದ್ದು ಹೋದರೆ
ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆ ತೆಗೆದು
ಹೊಸ ಬಳ್ಳಿಯ ಮೇಲೆ ಹೆಬ್ಬೆರಳಿಂದ ಒತ್ತುತ್ತಿದ್ದೆ.
ಓಣಿ ದಾಟಿದರೆ ಹಾಶಮ್ ಭಾಯಿ. ಹಾಳೆಗೆ ಹತ್ತು ರೂಪಾಯಿ.
ಹಾಶಮ್ ಭಾಯಿಗೆ ದಿಲ್ಲಿಯಿಂದ ಬಂದ ಆರ್ಡರು, ತೂಕ, ದರ
ಮರುದಿನ ಚಹಾದ ಹೊತ್ತಿಗೆ
ಉಸ್ತಾದರ ಮುಂದೆ ಬಾಯಿತಪ್ಪಿ ಬೀಳುತ್ತಿತ್ತು.
ಅದಕ್ಕೆ ರೊಕ್ಕವಿಲ್ಲ. ಒಂದು ಬಿಸಿ ರೊಟ್ಟಿ ಹೆಚ್ಚಿಗೆ,
ಮತ್ತೆ 'ಬೇಟಾ' ಅನ್ನುವುದು.
ಅಕ್ಕನ ಬಾಣಂತನಕ್ಕೆಂದು ಶುರುಮಾಡಿದ್ದು.
ಕೂಸಿಗೆ ಹಲ್ಲು ಮೂಡಿ ಬಿದ್ದು ಮತ್ತೆ ಮೂಡಿದವು.

ಬೆಳ್ಳಿ ತಂತಿ ಬಡಿದು, ಉಜ್ಜಿ, ನುಣ್ಣಗಾದ ಮೇಲೆ
ಬಿದರಿಗೊಂದು ಹೊತ್ತು ಬರುತ್ತದೆ,
ಬೆಳ್ಳಿ ಯಾವುದು, ಸತು ಯಾವುದು
ಮಾಡಿದವನಿಗೂ ಹೇಳಲಾಗದು.
ಒಂದೇ ಬಿಳುಪು. ಒಂದೇ ನಗು.
ಆಗ ಕೋಟೆಯ ಮಣ್ಣು ಬೇಕು,
ಮಳೆ ಬಿಸಿಲು ಮುಟ್ಟದ ಮೂಲೆಯದು.
ನವಸಾಗರ ಕಲಸಿ ಬಿಸಿಗೆ ಹಚ್ಚಿದರೆ
ಸತು ಕರ್ರಗಾಗಿ ಒಪ್ಪಿಕೊಳ್ಳುತ್ತದೆ.

ಆ ಡಬ್ಬಿಯ ದಿನ ಉಸ್ತಾದರು
ಚೀಲದಿಂದ ಚಿಟಿಕೆ ಮಣ್ಣು ತೆಗೆದು
'ನಾಲಗಿ ಚಾಚು' ಅಂದರು.
ಮಣ್ಣಿನ ರುಚಿ ನೋಡುವುದು ಉಸ್ತಾದರ ಹಕ್ಕು,
ಶಾಗಿರ್ದರಿಗೆ ಕೊಟ್ಟದ್ದು ನಾನು ಕಂಡಿರಲಿಲ್ಲ.
'ಇದು ಹಾಳಿ ಮ್ಯಾಲೆ ಮೂಡೂದಿಲ್ಲ, ನೆನಪಿಡು.'
ಹಾಳೆ? ಯಾವ ಹಾಳೆ?
ಕೇಳಲಿಲ್ಲ. ಬಾಯಲ್ಲಿ ಕೋಟೆಯಿತ್ತು.

ಮರುವರ್ಷ ಟಾಕೀಸಿಗೆ ಬಂತು.
ಉಸ್ತಾದರು ಕಿವಿಗೆ ಅತ್ತರದ ಹತ್ತಿ ಇಟ್ಟು ಕೂತರು,
ಪಕ್ಕದಲ್ಲಿ ನಾನು, ಎರಡು ಸಾಲು ಮುಂದೆ ಹಾಶಮ್ ಭಾಯಿ.
ನಮ್ಮ ಡಬ್ಬಿ ಪರದೆ ತುಂಬ ಬಂತು, ಮಂಚದಷ್ಟು ದೊಡ್ಡದು,
ಉಸಿರು ಬಿಡುವಷ್ಟರಲ್ಲಿ ಹೋಯಿತು.
ಅಷ್ಟರಲ್ಲೇ ಕಂಡೆ. ಬಳ್ಳಿಯ ಐದನೆಯ ಎಲೆ
ಉಳಿದ ಎಲೆಗಳ ಹಾಗೆ ಬಲಕ್ಕೇ ಬಾಗಿತ್ತು.
ನಾನು ಒತ್ತಿಕೊಂಡ ಬಳ್ಳಿಯಲ್ಲೆಲ್ಲ ಅದು ಎಡಕ್ಕೆ.
ಹಾಶಮ್ ಭಾಯಿಯ ಕಪಾಟಿನ ಹೂಜಿ, ತಟ್ಟೆ, ಗುಂಡಿ,
ದಿಲ್ಲಿಗೆ ಹೋದ ಅಷ್ಟೂ ಮಾಲಿನಲ್ಲಿ
ಐದನೆಯ ಎಲೆ ಎಡಕ್ಕೆ.

ಪರದೆಯ ಮೇಲಿನವನು ಸಿಕ್ಕಿಬಿದ್ದ, ಜನ ಸೀಟಿ ಹೊಡೆದರು.
ಸಿಕ್ಕದ್ದು ಹ್ಯಾಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ,
ನಾನು ಎಲೆ ಎಣಿಸುತ್ತಿದ್ದೆ.
ಉಸ್ತಾದರು ಪುಠಾಣಿ ಪೊಟ್ಟಣ ನನ್ನ ಕಡೆ ಸರಿಸಿ
'ಕರೇಜಿನ್ಯಾಗ ಅಷ್ಟು ನೀರ ಇರೂದಿಲ್ಲ' ಅಂದರು.
ಅಷ್ಟೇ ಅಂದರು.

ಹೊರಗೆ ಸೈಕಲ್ ಸ್ಟ್ಯಾಂಡಿನ ಕತ್ತಲಲ್ಲಿ
ಹಾಶಮ್ ಭಾಯಿ ತೋಳು ಹಿಡಿದರು.
'ಮಣ್ಣು ನೆಕ್ಕಿಸ್ಯಾರಂತಲ್ಲ. ರುಚಿ ಹ್ಯಾಂಗದ?'
ಒಗರು, ಸುಟ್ಟ ಉಪ್ಪು, ಬಾವಲಿ, ಹಳೇ ಮದ್ದು,
ಎಲ್ಲ ನಾಲಗೆಯ ತುದಿಗೆ ಬಂದವು.

'ಸಿಹಿ' ಅಂದೆ.
ಹತ್ತು ರೂಪಾಯಿ ತಗೊಂಡೆ.